ಗೇರುಬೀಜದ ಹಿಂದೆ ಹೋಗಿ ಕಲಿತ ಎರಡು ಭಾಷೆ

ನನ್ನ ಹತ್ತಿರ ಒಂದು ಹಳೇ ನೋಟ್‌ಬುಕ್ ಇದೆ. ಮುಂದಿನಿಂದ ತೆಗೆದರೆ ಗೇರುಬೀಜದ ಕಟಿಂಗ್ ಟೆಸ್ಟ್ ಲೆಕ್ಕ. ಹಿಂದಿನಿಂದ ತೆಗೆದರೆ ಪ್ರತಿ ಪುಟದಲ್ಲೂ ನಡುವೆ ಒಂದು ಗೆರೆ. ಗೆರೆಯ ಎಡಕ್ಕೆ ಪೋರ್ಚುಗೀಸ್ ಮಾತು, ಬಲಕ್ಕೆ ಪಶ್ಚಿಮ ಆಫ್ರಿಕಾದ ಜುಲಾ ಮಾತು. ಎರಡನ್ನೂ ಕನ್ನಡ ಅಕ್ಷರದಲ್ಲೇ ಬರೆದುಕೊಂಡಿದ್ದೇನೆ. ಕಳೆದ ವಾರ ಕಪಾಟು ಒರೆಸುವಾಗ ಅದು ಕೈಗೆ ಸಿಕ್ಕಿತು. ಓದುತ್ತಾ ಕೂತವನಿಗೆ ಮಧ್ಯಾಹ್ನದ ಊಟವೂ ತಡವಾಯಿತು.

ನಮ್ಮದು ಬದಿಯಡ್ಕದಿಂದ ಸ್ವಲ್ಪ ಒಳಗೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮತ್ತು ಸರಕಾರಿ ಕಚೇರಿಯಲ್ಲಿ ಮಲಯಾಳ. ಕಾಸರಗೋಡಿನವರಿಗೆ ಇದು ವಿಶೇಷ ಏನಲ್ಲ. ನಾನು ಮಂಗಳೂರು ಕಡೆಯ ಒಂದು ಗೇರುಬೀಜ ಫ್ಯಾಕ್ಟರಿಗೆ ಮಾಲು ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದೆ. ಮೂಟೆಗಳಿಂದ ಒಂದು ಕಿಲೋ ಬೀಜ ತೆಗೆಯಬೇಕು, ಎಣಿಸಬೇಕು, ಒಂದೊಂದನ್ನೂ ಎರಡಾಗಿ ಕತ್ತರಿಸಬೇಕು. ಒಳ್ಳೆಯ ತಿರುಳು ಬೇರೆ, ಹಾಳಾದದ್ದು ಬೇರೆ. 80 ಕಿಲೋ ಮೂಟೆಯಿಂದ ಎಷ್ಟು ಪೌಂಡ್ ಒಳ್ಳೆ ತಿರುಳು ಬರುತ್ತದೆ ಅಂತ ಲೆಕ್ಕ ಹಾಕಬೇಕು. ಅದಕ್ಕೆ ಔಟ್‌ಟರ್ನ್ ಅನ್ನುತ್ತಾರೆ. 48 ಬಂದರೆ ಖುಷಿ, 44ಕ್ಕೆ ಇಳಿದರೆ ಬೆಲೆ ಜಗ್ಗಬೇಕು.

ನಮ್ಮ ಕರಾವಳಿಯ ಫ್ಯಾಕ್ಟರಿಗಳಿಗೆ ನಮ್ಮ ಗುಡ್ಡೆಗಳ ಬೀಜ ಸಾಲುವುದಿಲ್ಲ. ಆಫ್ರಿಕಾದಿಂದ ತರಿಸಲೇಬೇಕು. ಹಾಗೆ ನಾನು ಮೊದಲು ಎರಡು ಸೀಸನ್ ಮೊಜಾಂಬಿಕ್‌ನ ನಂಪುಲಾ ಕಡೆ ಹೋದೆ. ಅಲ್ಲಿ ಆಡಳಿತದ ಭಾಷೆ ಪೋರ್ಚುಗೀಸ್, ಜನರ ಮನೆಮಾತು ಮಕುವಾ. ಆಮೇಲೆ ನಾಲ್ಕು ಸೀಸನ್ ಐವರಿ ಕೋಸ್ಟ್‌ನ ಉತ್ತರಕ್ಕೆ, ಕೊರೋಗೊ ಕಡೆಗೆ. ಅಲ್ಲಿ ಸರಕಾರದ ಭಾಷೆ ಫ್ರೆಂಚ್, ಊರಿನವರ ಭಾಷೆ ಸೆನುಫೊ. ಆದರೆ ಸಂತೆಗೆ ಬಂದವರೆಲ್ಲ ಮಾತಾಡುವುದು ಜುಲಾ. ದ್ಯುಲಾ ಅಂತಲೂ ಬರೆಯುತ್ತಾರೆ. ಆ ಪದದ ಅರ್ಥವೇ ವ್ಯಾಪಾರಿ. ಮಾಲಿಯ ಬಂಬಾರಾ, ಗಿನಿಯ ಮನಿಂಕಾ ಭಾಷೆಗಳಿಗೆ ಇದು ಹತ್ತಿರದ ನೆಂಟ. ಉತ್ತರದಿಂದ ಉಪ್ಪು, ದಕ್ಷಿಣದ ಕಾಡಿನಿಂದ ಕೋಲಾ ಕಾಯಿ ಹೊತ್ತು ತಿರುಗಿದ ವ್ಯಾಪಾರಿಗಳ ಜೊತೆಗೇ ಈ ಭಾಷೆಯೂ ಊರೂರಿಗೆ ಹೋಯಿತು.

ಪೋರ್ಚುಗೀಸ್ ಲ್ಯಾಟಿನ್‌ನ ಮಗಳು. ಜುಲಾಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಎರಡಕ್ಕೂ ನಮ್ಮ ಕನ್ನಡಕ್ಕೂ ಇಲ್ಲ. ಆದರೂ ಆ ನೋಟ್‌ಬುಕ್ಕಿನ ಎಡ ಬಲ ಎರಡೂ ಕಡೆ ನನಗೆ ನಮ್ಮ ಮನೆಯೇ ಕಾಣುತ್ತದೆ. ಪೋರ್ಚುಗೀಸಿನ ಪದಗಳು ನಮ್ಮ ಮನೆಯೊಳಗೆ ಮೊದಲೇ ಇದ್ದವು. ಜುಲಾದ ವಾಕ್ಯಗಳು ನನ್ನ ಬಾಯಿಯಲ್ಲಿ ಮೊದಲೇ ಇದ್ದವು. ಇದನ್ನೇ ಬಿಡಿಸಿ ಹೇಳಬೇಕು ಅಂತ ಬರೆಯಲು ಕೂತಿದ್ದೇನೆ.

ಪದಗಳಿಂದ ಶುರು ಮಾಡುತ್ತೇನೆ. ನಂಪುಲಾದಲ್ಲಿ ನಾನಿದ್ದ ಮನೆಯ ಹೆಂಗಸು ಮೊದಲ ದಿನ ಕೋಣೆ ತೋರಿಸಿದರು. ಕಿಟಕಿಗೆ ಜನೆಲಾ ಅಂದರು. ಬೀಗದ ಕೈಗೆ ಶಾವ್, ಬಕೆಟಿಗೆ ಬಾಲ್ದ್, ಟವೆಲಿಗೆ ತುವಾಲ್ಯಾ, ಕಪಾಟಿಗೆ ಅರ್ಮಾರ್ಯು. ನಾನು ಸುಮ್ನೆ ನಿಂತುಬಿಟ್ಟೆ. ನಮ್ಮ ಅಜ್ಜಿ ಜನೇಲು, ಚಾವಿ, ಬಾಲ್ದಿ, ತುವಾಲು, ಅಲ್ಮಾರು ಅನ್ನುತ್ತಿದ್ದರಲ್ವಾ! ಅವರು ಪೋರ್ಚುಗೀಸರನ್ನು ಕಂಡವರಲ್ಲ. ಮಲಯಾಳದಲ್ಲಿ ಮೇಜಿಗೆ ಮೇಶ, ಕುರ್ಚಿಗೆ ಕಸೇರ. ಅಲ್ಲಿ ಮೇಜಾ, ಕದೈರಾ. ಬಟಾಟೆ ಬಟಾಟೆಯೇ. ತಿಂಗಳ ಕೊನೆಗೆ ಸಿಗುವ ಪಗಾರಕ್ಕೂ ಅವರ ಪಗಾರ್ ಅನ್ನುವ ಕ್ರಿಯಾಪದವೇ ಮೂಲ. ಅದರ ಅರ್ಥ ದುಡ್ಡು ಕೊಡುವುದು.

ಇನ್ನು ಗೇರು. ಮರ ಬ್ರೆಜಿಲ್‌ನದ್ದು. ಅಲ್ಲಿನ ತುಪಿ ಜನ ಅಕಾಜು ಅನ್ನುತ್ತಿದ್ದರು. ಪೋರ್ಚುಗೀಸರ ಬಾಯಲ್ಲಿ ಅದು ಕಾಜು ಆಯಿತು. 16ನೇ ಶತಮಾನದಲ್ಲಿ ಅವರ ಹಡಗಿನಲ್ಲಿ ಮರವೂ ಬಂತು, ಹೆಸರೂ ಬಂತು. ಮಲಯಾಳದಲ್ಲಿ ಈಗಲೂ ಅದಕ್ಕೆ ಪರಂಗಿಮಾವು ಅನ್ನುತ್ತಾರೆ, ಅಂದರೆ ಪರಂಗಿಯವರ, ಪೋರ್ಚುಗೀಸರ ಮಾವು. ನಮ್ಮೂರಿನವರು ಗೇರು ಅಂದ ಕೂಡಲೇ ಗೇರುತೋಟಗಳಿಗೆ ಸಿಂಪಡಿಸಿದ ಎಂಡೋಸಲ್ಫಾನ್ ವಿಷ ನೆನಪಾಗಿ ಮಾತು ನಿಲ್ಲಿಸುತ್ತಾರೆ. ಆ ನೋವನ್ನು ಇಲ್ಲಿ ಎರಡು ಸಾಲಿನಲ್ಲಿ ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ.

ಪೋರ್ಚುಗೀಸರು ನಮಗೆ ಪದ ಕೊಟ್ಟಂತೆ ತೆಗೆದುಕೊಂಡೂ ಹೋಗಿದ್ದಾರೆ. ನಮ್ಮ ಜಿಲ್ಲೆ ಬದುಕುವುದೇ ಅಡಿಕೆಯ ಮೇಲೆ. ಮಲಯಾಳದ ಅಡಯ್ಕ ಅವರ ಬಾಯಲ್ಲಿ ಅರೆಕಾ ಆಗಿ ಲೋಕವೆಲ್ಲ ಸುತ್ತಿತು. ಮಾಙ್ಙ ಮಾಂಗಾ ಆಯಿತು, ಚಕ್ಕ ಜಾಕಾ ಆಯಿತು. ಕಯರ್, ಅಂದರೆ ತೆಂಗಿನ ನಾರಿನ ಹಗ್ಗ, ಕೈರು ಆಯಿತು. ಬಾರ್ಬೋಸಾ ಅನ್ನುವ ಪೋರ್ಚುಗೀಸ್ ಬರಹಗಾರ 1514ರ ಹೊತ್ತಿಗೆ ನಮ್ಮ ಕುಂಬಳೆಗೆ ಬಂದಿದ್ದ. ಇಲ್ಲಿಂದ ಮಾಲ್ಡೀವ್ಸಿಗೆ ಅಕ್ಕಿ ಹೋಗುತ್ತದೆ, ಅಲ್ಲಿಂದ ತೆಂಗಿನ ನಾರು ಬರುತ್ತದೆ ಅಂತ ಬರೆದಿಟ್ಟ. ಕುಂಬಳೆ ಪೇಟೆಯಲ್ಲಿ ಬಸ್ಸಿಗೆ ಕಾಯುವಾಗ ನನಗೆ ಇದು ಆಗಾಗ ನೆನಪಾಗುತ್ತದೆ.

ಇಷ್ಟೆಲ್ಲ ಪದ ಗೊತ್ತಿದ್ದರೂ ಪೋರ್ಚುಗೀಸ್ ನನಗೆ ಸುಲಭ ಆಗಲಿಲ್ಲ. ಪದಗಳನ್ನು ಜೋಡಿಸುವುದೇ ಕಷ್ಟ. ಪ್ರತಿ ವಸ್ತುವಿಗೂ ಗಂಡು ಹೆಣ್ಣು ಇದೆ. ಗೇರುಹಣ್ಣು ಗಂಡು, ಅದರ ಬೀಜ ಹೆಣ್ಣು. ಒಂದೇ ಕೊಂಬೆಯಲ್ಲಿ ಒಂದಕ್ಕೊಂದು ಅಂಟಿಕೊಂಡೇ ಇರುವವು! ಹಾಲು ಗಂಡು, ನೀರು ಹೆಣ್ಣು. ಜೊತೆಗೆ ಬರುವ ವಿಶೇಷಣವನ್ನೂ ಅದಕ್ಕೆ ತಕ್ಕಂತೆ ಬದಲಿಸಬೇಕು. ‘ಇದೆ’ ಅನ್ನುವುದಕ್ಕೆ ಎರಡು ಬೇರೆ ಕ್ರಿಯಾಪದ. ಯಾವಾಗಲೂ ಇರುವ ಗುಣಕ್ಕೆ ಒಂದು, ಸದ್ಯದ ಸ್ಥಿತಿಗೆ ಇನ್ನೊಂದು. ‘ನಾನು ನೀರು ಕುಡಿಯುತ್ತೇನೆ’ ಅನ್ನಲು ‘ಎವ್ ಬೆಬು ಆಗ್ವಾ’. ನಾನು, ಕುಡಿಯುತ್ತೇನೆ, ನೀರು. ಕುಡಿಯುವುದು ಮೊದಲು, ನೀರು ಆಮೇಲೆ.

ಈಗ ಜುಲಾದಲ್ಲಿ ಅದೇ ಮಾತು. ‘ನ್ ಬೆ ಜಿ ಮಿನ್.’ ನ್ ಅಂದರೆ ನಾನು. ಜಿ ಅಂದರೆ ನೀರು. ಮಿನ್ ಅಂದರೆ ಕುಡಿ. ನಾನು, ನೀರು, ಕುಡಿ. ನಡುವಿನ ‘ಬೆ’ ಈ ಕೆಲಸ ಆಗುತ್ತಿದೆ ಅಂತ ತಿಳಿಸುವ ಸಣ್ಣ ಪದ. ಅಲ್ಲದಿದ್ದರೆ ‘ತೆ’. ‘ನ್ ತೆ ಜಿ ಮಿನ್’ ಅಂದರೆ ನಾನು ನೀರು ಕುಡಿಯುವುದಿಲ್ಲ. ಬೆ, ತೆ ಅಂದಾಗ ನನ್ನ ಕಿವಿಗೆ ನಮ್ಮ ಇದೆ, ಇಲ್ಲ ಕೇಳಿಸಿತು. ನಾವು ‘ಇದೆ’ಗೆ ಬಾಲ ಸೇರಿಸಿ ಇಲ್ಲ ಮಾಡುವುದಿಲ್ಲ. ‘ಇಲ್ಲ’ ಅನ್ನುವುದೇ ಬೇರೆ ಪದ. ಅವರಿಗೂ ಹಾಗೆಯೇ. ಪೋರ್ಚುಗೀಸರು ಹಾಗಲ್ಲ, ಎಲ್ಲದರ ಮುಂದೆ ಒಂದು ‘ನಾಂವ್’ ಇಟ್ಟು ಮುಗಿಸುತ್ತಾರೆ.

ನನಗೆ ಇದನ್ನು ಕಲಿಸಿದವನು ತೂಕದ ಹುಡುಗ. ಗೋದಾಮಿನ ಮುಂದೆ ಕಾಟಾ ಹಿಡಿದು ನಿಲ್ಲುತ್ತಿದ್ದ, ಇಪ್ಪತ್ತೆರಡು ಇಪ್ಪತ್ತಮೂರು ವರ್ಷ. ನನಗೆ ಅಷ್ಟಿಷ್ಟು ಫ್ರೆಂಚ್ ಇತ್ತು, ಅವನಿಗೂ ಅಷ್ಟೇ. ಒಂದು ಸಂಜೆ ಮುಂಗಡ ಕೇಳಲು ಬಂದ. ‘ವರಿ ತೆ ಮ್ಬೊಲೊ’ ಅಂದ. ವರಿ ಅಂದರೆ ದುಡ್ಡು, ತೆ ಅಂದರೆ ಇಲ್ಲ. ಬೊಲೊ ಅಂದರೆ ಏನು ಅಂತ ಕೇಳಿದೆ. ಅಂಗೈ ಚಾಚಿ ತೋರಿಸಿದ. ಕೈ! ದುಡ್ಡು ಇಲ್ಲ ನನ್ನ ಕೈಲಿ.

ಆ ಗಳಿಗೆ ನನಗೆ ಇವತ್ತಿಗೂ ಕಣ್ಣ ಮುಂದೆ ಇದೆ. ಕೈಯಲ್ಲಿ ದುಡ್ಡಿಲ್ಲ ಅಂತ ನಮ್ಮಪ್ಪ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಪೋರ್ಚುಗೀಸರಿಗೆ ಹೊಂದಿರುವುದಕ್ಕೇ ಒಂದು ಕ್ರಿಯಾಪದ ಇದೆ, ತೇರ್ ಅಂತ. ದುಡ್ಡನ್ನು ಹೊಂದಿದ್ದೇನೆ, ಹಸಿವನ್ನೂ ಹೊಂದಿದ್ದೇನೆ, ವಯಸ್ಸನ್ನೂ ಹೊಂದಿದ್ದೇನೆ. ಕನ್ನಡದಲ್ಲಿ ಬಾಯಿಮಾತಿಗೆ ಅಂಥ ಕ್ರಿಯಾಪದ ಇಲ್ಲ. ದುಡ್ಡು ನನ್ನ ಹತ್ತಿರ ಇರುತ್ತದೆ, ಹಸಿವು ನನಗೆ ಆಗುತ್ತದೆ. ಜುಲಾದಲ್ಲೂ ದುಡ್ಡು ಕೈಯಲ್ಲಿ ಇರುತ್ತದೆ, ಹಸಿವು ನನ್ನೊಳಗೆ ಇರುತ್ತದೆ. ಮಾಲೀಕ ಆಗಿ ನಿಲ್ಲುವುದು ಬೇಡ, ವಸ್ತು ನಮ್ಮ ಹತ್ತಿರ ಬಂದು ಇದ್ದರೆ ಸಾಕು. ನನಗೆ ಈ ಮಾತಿನ ರೀತಿ ತುಂಬಾ ಇಷ್ಟ.

ಮೇಲೆ, ಒಳಗೆ ಅನ್ನುವ ಪದಗಳೂ ಹಾಗೆಯೇ. ನಾವು ಮೇಜಿನ ಮೇಲೆ ಅಂದಂತೆ ಅವರು ತಬಲಿ ಕನ್ ಅನ್ನುತ್ತಾರೆ. ಮೇಜು ಮೊದಲು, ಮೇಲೆ ಆಮೇಲೆ. ಪೋರ್ಚುಗೀಸಿನಲ್ಲಿ ಮೇಲೆ ಅನ್ನುವುದು ಮುಂಚೆ ಬರುತ್ತದೆ. ಪೂರ್ತಿ ಕನ್ನಡದ ಹಾಗೆ ಅಂತ ಹೇಳಲಾರೆ. ‘ಸಂತೆಗೆ ಹೋಗುತ್ತೇನೆ’ ಅನ್ನಲು ‘ನ್ ಬೆ ತಗಾ ಲೊಗೊ ಲಾ’, ಅಂದರೆ ನಾನು ಹೋಗುತ್ತೇನೆ ಸಂತೆಗೆ. ಹೋಗುವ ಜಾಗ ಕೊನೆಗೆ. ನಾವೂ ಅವಸರದಲ್ಲಿ ಹಾಗೆ ಹೇಳುತ್ತೇವೆ. ‘ಹೋಗಿದ್ದೆ ಮಾರಾಯ ಸಂತೆಗೆ’ ಅಂತ.

ಮಲಯಾಳ ಇಲ್ಲಿ ನನ್ನ ಕೈ ಹಿಡಿಯಿತು. ಕನ್ನಡದಲ್ಲಿ ನಾನು ಹೋಗುತ್ತೇನೆ, ನೀನು ಹೋಗುತ್ತೀಯ, ಅವಳು ಹೋಗುತ್ತಾಳೆ. ಯಾರು ಅನ್ನುವುದಕ್ಕೆ ತಕ್ಕಂತೆ ಕ್ರಿಯಾಪದದ ಬಾಲ ಬದಲಾಗುತ್ತದೆ. ಪೋರ್ಚುಗೀಸ್ ಕೂಡ ಹಾಗೇ, ವೋ, ವಾಯ್ಶ್, ವಾಯ್ ಅಂತ. ಹಾಗಾಗಿ ಎರಡರಲ್ಲೂ ‘ನಾನು’ ಅನ್ನುವುದನ್ನು ಬಿಟ್ಟರೂ ನಡೆಯುತ್ತದೆ. ‘ಹೋಗ್ತೇನೆ’ ಅಂದರೆ ಸಾಕು, ‘ವೋ’ ಅಂದರೆ ಸಾಕು. ಮಲಯಾಳದಲ್ಲಿ ಞಾನ್ ಪೋಕುನ್ನು, ನೀ ಪೋಕುನ್ನು, ಅವಳ್ ಪೋಕುನ್ನು. ಬಾಲ ಬದಲಾಗುವುದೇ ಇಲ್ಲ. ಜುಲಾದಲ್ಲಿ ನ್ ಬೆ ತಗಾ, ಇ ಬೆ ತಗಾ, ಅ ಬೆ ತಗಾ. ಅಲ್ಲೂ ಬದಲಾಗುವುದಿಲ್ಲ. ಕನ್ನಡ ಪೋರ್ಚುಗೀಸಿನ ಪಕ್ಕ, ಮಲಯಾಳ ಜುಲಾದ ಪಕ್ಕ! ಚಂದ್ರಗಿರಿ ಹೊಳೆಯ ಆಚೆ ಈಚೆ ಓಡಾಡಿದವನಿಗೆ ಎರಡೂ ಅಭ್ಯಾಸ ಇತ್ತು. ನಮ್ಮೂರಲ್ಲಿ ಭಾಷೆಯ ಹೆಸರಲ್ಲಿ ಬೇಸರ, ಜಗಳ ಏನು ಕಡಿಮೆ ಇಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗಿನಿಂದ ನಮ್ಮ ಮಕ್ಕಳು ಕನ್ನಡ ಉಳಿಸಿಕೊಳ್ಳಲು ಪಡುತ್ತಿರುವ ಕಷ್ಟ ನನಗೂ ಗೊತ್ತು. ಆದರೆ ಕೊರೋಗೊದ ಗೋದಾಮಿನಲ್ಲಿ ನನ್ನ ಮಲಯಾಳ ನನಗೆ ಕನ್ನಡದಷ್ಟೇ ಆಸರೆ ಕೊಟ್ಟಿತು. ಅದನ್ನೂ ಹೇಳಬೇಕಲ್ವಾ.

ಅ ಅಂದೆನಲ್ಲ, ಆ ಒಂದೇ ಅಕ್ಷರ ಅವನು, ಅವಳು, ಅದು ಮೂರಕ್ಕೂ ಆಗುತ್ತದೆ. ಗಂಡು ಹೆಣ್ಣಿನ ವ್ಯತ್ಯಾಸವೇ ಇಲ್ಲ. ಪೋರ್ಚುಗೀಸ್ ಕುರ್ಚಿಗೂ ಲಿಂಗ ಕೊಟ್ಟರೆ ಜುಲಾ ಮನುಷ್ಯರಿಗೂ ಕೊಡುವುದಿಲ್ಲ. ಕನ್ನಡ ಇವೆರಡರ ನಡುವೆ ಎಲ್ಲೋ ನಿಂತಿದೆ. ಆದರೆ ಅಣ್ಣ ತಮ್ಮ ಅನ್ನುವಲ್ಲಿ ಜುಲಾ ನಮ್ಮದೇ. ದೊಡ್ಡವರು ಕೊರೊ, ಚಿಕ್ಕವರು ದೊಗೊ. ಗಂಡಾದರೆ ಚೆ ಸೇರಿಸಬೇಕು, ಹೆಣ್ಣಾದರೆ ಮುಸೊ. ಕೊರೊಚೆ ಅಣ್ಣ, ಕೊರೊಮುಸೊ ಅಕ್ಕ, ದೊಗೊಚೆ ತಮ್ಮ, ದೊಗೊಮುಸೊ ತಂಗಿ. ಪೋರ್ಚುಗೀಸಿನಲ್ಲಿ ಇರ್ಮಾಂವ್ ಅಂದರೆ ಅಣ್ಣನೋ ತಮ್ಮನೋ ಬೇರೆ ಹೇಳಬೇಕು. ತೂಕದ ಹುಡುಗ ಎರಡನೇ ವಾರದಿಂದ ನನ್ನನ್ನು ಕೊರೊಚೆ ಅಂತಲೇ ಕರೆದ.

ದನಿಯ ಮಾತು ಬಂದರೆ ಎರಡೂ ಭಾಷೆ ನನ್ನನ್ನು ದಣಿಸಿವೆ. ಎರಡರಲ್ಲೂ ಮೂಗಿನ ಸ್ವರ ಇದೆ. ಜುಲಾದಲ್ಲಿ ಸ ಅಂದರೆ ಹಾವು, ಅದನ್ನೇ ಮೂಗಿನಲ್ಲಿ ಎಳೆದರೆ ಕೊಂಡುಕೊಳ್ಳುವುದು. ಪೋರ್ಚುಗೀಸಿನಲ್ಲಿ ರೊಟ್ಟಿಗೆ ಪಾಂವ್. ನಮ್ಮ ಪಾವ್ ಬಂದದ್ದು ಅಲ್ಲಿಂದಲೇ, ದಾರಿಯಲ್ಲಿ ಮೂಗಿನ ದನಿ ಕಳೆದುಕೊಂಡಿದೆ. ಅವರ ಹತ್ತಿರ ಬರೀ ಪಾವ್ ಅಂದರೆ ಕೋಲು! ಅಂಗಡಿಯಲ್ಲಿ ನಾನು ಹಲವು ದಿನ ಕೋಲು ಕೇಳಿದೆ. ಮಂಜೇಶ್ವರದ ನನ್ನ ಕೊಂಕಣಿ ಗೆಳೆಯನಿಗೆ ಫೋನ್ ಮಾಡಿ, ನಿಮ್ಮಲ್ಲಿ ಮೂಗಿನಲ್ಲಿ ಹೇಗೆ ಹೇಳುತ್ತೀರಿ ಅಂತ ಕೇಳಿ ಕೇಳಿ ಅಭ್ಯಾಸ ಮಾಡಿಕೊಂಡೆ. ಜುಲಾದಲ್ಲಿ ಇದರ ಮೇಲೆ ರಾಗ ಬೇರೆ. ಸೊ ಅಂದರೆ ಮನೆಯೂ ಹೌದು, ಕುದುರೆಯೂ ಹೌದು. ಒಂದಕ್ಕೆ ದನಿ ಎತ್ತರ, ಇನ್ನೊಂದಕ್ಕೆ ತಗ್ಗು. ಇದು ನನಗೆ ಕೊನೆಗೂ ಸರಿಯಾಗಿ ಬರಲಿಲ್ಲ.

ಈಗ ದುಡ್ಡಿನ ಲೆಕ್ಕ. ಅದು 2018. ಐವರಿ ಕೋಸ್ಟ್ ಸರಕಾರ ಪ್ರತಿ ಸೀಸನ್ನಿಗೆ ರೈತರಿಗೆ ಸಿಗಬೇಕಾದ ಕನಿಷ್ಠ ಬೆಲೆ ಹೇಳುತ್ತದೆ. ಆ ವರ್ಷ ಕಿಲೋಗೆ 500 ಫ್ರಾಂಕ್. ಒಂದು ಹಳ್ಳಿಯಲ್ಲಿ ಮುದುಕರೊಬ್ಬರು ಆರು ಮೂಟೆ ತಂದಿದ್ದರು. ನಾನು ಅಂಕಿಗಳನ್ನು ಬಾಯಿಪಾಠ ಮಾಡಿದ್ದೆ. ಕೆಲೆನ್, ಫಿಲಾ, ಸಬಾ, ನಾನಿ, ದೂರು, ಹತ್ತಕ್ಕೆ ತನ್, ಇಪ್ಪತ್ತಕ್ಕೆ ಮುಗನ್, ನೂರಕ್ಕೆ ಕೆಮೆ. ಬೆಲೆ ‘ಜೋಲಿ’, ಅಂದರೆ ಎಷ್ಟು, ಅಂತ ಅವರು ಕೇಳಿದರು. ದಲ್ಲಾಳಿ ‘ಕೆಮೆ’ ಅಂದ. ಮುದುಕರು ತಲೆಯಾಡಿಸಿದರು.

ನನಗೆ ಸಿಟ್ಟು ಬಂತು. 500 ಇರುವಲ್ಲಿ ನೂರು ಕೊಡುತ್ತಾನಲ್ಲ! ನಮ್ಮೂರಲ್ಲಿ ಅಡಿಕೆಗೆ ಹೀಗೆ ಆದದ್ದನ್ನು ನಾನು ನೋಡಿದ್ದೇನೆ. ನಡುವೆ ಹೋಗಿ, ಇದು ಅನ್ಯಾಯ ಅಂತ ಜೋರಾಗಿ ಹೇಳಿದೆ. ಎಲ್ಲರೂ ಸುಮ್ಮನಾದರು. ತೂಕದ ಹುಡುಗ ನನ್ನನ್ನು ಪಕ್ಕಕ್ಕೆ ಕರೆದು ಜೇಬಿನಿಂದ ಐದು ಫ್ರಾಂಕಿನ ನಾಣ್ಯ ತೆಗೆದ. ದೊರೊಮೆ ಅಂದ. ಜುಲಾದಲ್ಲಿ ದುಡ್ಡು ಎಣಿಸುವುದು ಫ್ರಾಂಕಿನಲ್ಲಿ ಅಲ್ಲ, ಐದು ಫ್ರಾಂಕಿನ ದೊರೊಮೆಯಲ್ಲಿ. ದೂರು ಅಂದರೆ 25 ಫ್ರಾಂಕ್. ಮುಗನ್ ಅಂದರೆ 100. ಕೆಮೆ ಅಂದರೆ 500. ದಲ್ಲಾಳಿ ಹೇಳಿದ್ದು ಸರಿಯಾದ ಬೆಲೆಯನ್ನೇ.

ನಾನು ದಲ್ಲಾಳಿಯ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಆಮೇಲೆ ಯೋಚಿಸಿದರೆ ಇದೂ ನಮ್ಮದೇ. 1957ರಲ್ಲಿ ನಯಾಪೈಸೆ ಬಂದು ಆಣೆ ಹೋಯಿತು. ಆದರೂ ನಾನು ಚಿಕ್ಕವನಿದ್ದಾಗ ನಾಲ್ಕಾಣೆ, ಎಂಟಾಣೆ ಅಂತಲೇ ಎಣಿಸುತ್ತಿದ್ದೆವು. ಎಂಟಾಣೆ ಅಂದರೆ 50 ಪೈಸೆ ಅಂತ ಹೊರಗಿನವನಿಗೆ ಹೇಗೆ ಗೊತ್ತಾಗಬೇಕು? ದೊರೊಮೆ ಅನ್ನುವ ಪದ ಅರಬಿಯ ದಿರ್ಹಂನಿಂದ ಬಂದದ್ದು. ಮರಳುಗಾಡು ದಾಟಿ ಬಂದ ವ್ಯಾಪಾರದ ಗುರುತು. ಪೋರ್ಚುಗೀಸಿನಲ್ಲಿ ಈ ಗೊಂದಲ ಇಲ್ಲ, ಸೆಂ ಅಂದರೆ ನೂರು, ಕಾಗದದಲ್ಲೂ ನೂರು. ಸಾಬೂನು ಮಾತ್ರ ಮೂರೂ ಕಡೆ ಸಿಕ್ಕಿತು. ನಮ್ಮ ಸಾಬೂನು, ಅವರ ಸಬಾಂವ್, ಜುಲಾದ ಸಫಿನೆ.

ಆ ಮುದುಕರು ತೂಕ ಮುಗಿದ ಮೇಲೆ ನನ್ನನ್ನು ಕರೆದರು. ಅಂಗಿಯ ಜೇಬಿನಿಂದ ಎಲೆಯಲ್ಲಿ ಸುತ್ತಿದ ಕೋಲಾ ಕಾಯಿ ತೆಗೆದು, ಒಂದನ್ನು ಒಡೆದು, ಅರ್ಧ ನನ್ನ ಅಂಗೈಯಲ್ಲಿ ಇಟ್ಟರು. ಅದಕ್ಕೆ ಜುಲಾದಲ್ಲಿ ವೊರೊ. ಮದುವೆಗೆ, ಹೆಸರಿಡುವುದಕ್ಕೆ, ಮನೆಗೆ ಬಂದವರಿಗೆ, ಮುನಿಸು ಮುಗಿಸುವುದಕ್ಕೆ ಎಲ್ಲದಕ್ಕೂ ಅದು ಬೇಕು. ಕಹಿ ಇತ್ತು. ನನಗೆ ಯಾರೂ ಅರ್ಥ ಹೇಳಬೇಕಾಗಲಿಲ್ಲ. ಎಲೆ ಅಡಿಕೆ ಕೊಟ್ಟು ಮಾತಾಡಿಸುವ ಊರಿನವನು ನಾನು. ಎರಡೂ ಕೈ ಚಾಚಿ ತೆಗೆದುಕೊಂಡೆ.

ಮರುವರ್ಷ ಒಂದು ವಾರ ಗಿನಿ ಬಿಸ್ಸಾವಿಗೆ ಹೋಗಿದ್ದೆ. ಅಲ್ಲಿ ಕಚೇರಿಯಲ್ಲಿ ಪೋರ್ಚುಗೀಸ್, ಬೀದಿಯಲ್ಲಿ ಪೋರ್ಚುಗೀಸ್ ಪದಗಳಿಂದ ಕಟ್ಟಿದ ಕ್ರಿಯೋಲ್. ಪೂರ್ವಕ್ಕೆ ಗಾಬು ಕಡೆ ಹೋದರೆ ಮಂದಿಂಕಾ ಭಾಷೆ, ಜುಲಾದ ಇನ್ನೊಂದು ನೆಂಟ. ಸಂತೆಯಲ್ಲಿ ಸಬಾ, ನಾನಿ, ತನ್ ಅಂತ ಎಣಿಸುವುದು ಕಿವಿಗೆ ಬಿದ್ದಾಗ ಪಕ್ಕದ ಊರಿನ ಬಸ್ಸು ಕಂಡ ಹಾಗಾಯಿತು. ನನ್ನ ನೋಟ್‌ಬುಕ್ಕಿನ ಎಡಗಡೆಯೂ ಬಲಗಡೆಯೂ ಒಂದೇ ಬೀದಿಯಲ್ಲಿ ಓಡಾಡುತ್ತಿದ್ದವು.

ಪೋರ್ಚುಗೀಸಿಗೆ 1536ರಲ್ಲೇ ವ್ಯಾಕರಣ ಪುಸ್ತಕ ಅಚ್ಚಾಗಿತ್ತು. ಜುಲಾ ಹೆಚ್ಚಾಗಿ ಬಾಯಲ್ಲೇ ಉಳಿಯಿತು. 1949ರಲ್ಲಿ ಸೊಲೊಮಾನಾ ಕಾಂತೆ ಅನ್ನುವವರು ಈ ಬಳಗದ ಭಾಷೆಗಳಿಗೆಲ್ಲ ಸೇರಿ ಒಂದು ಲಿಪಿ ಮಾಡಿದರು. ಬಲದಿಂದ ಎಡಕ್ಕೆ ಬರೆಯುವುದು. ಹೆಸರು ನ್ಕೋ. ಅಂದರೆ ‘ನಾನು ಹೇಳುತ್ತೇನೆ’. ನನ್ನ ತುಳುವಿಗೂ ಲಿಪಿ ಇದೆ, ಆದರೆ ನಾನು ಅದನ್ನು ಕನ್ನಡದಲ್ಲೇ ಬರೆಯುತ್ತೇನೆ. ಆ ಹೆಸರು ಕೇಳಿದಾಗ ನನಗೆ ಗಂಟಲು ತುಂಬಿ ಬಂದಿತ್ತು.

ನಮಸ್ಕಾರ ಹೇಳುವುದನ್ನು ಕೊನೆಗೆ ಇಟ್ಟುಕೊಂಡೆ. ಪೋರ್ಚುಗೀಸಿನಲ್ಲಿ ಬೆಳಗ್ಗೆ ‘ಬೊಂ ದಿಯಾ’, ಅಲ್ಲಿಗೆ ಮುಗಿಯಿತು. ಥ್ಯಾಂಕ್ಸ್ ಹೇಳಲು ಗಂಡಸು ‘ಒಬ್ರಿಗಾದು’, ಹೆಂಗಸು ‘ಒಬ್ರಿಗಾದಾ’. ಜುಲಾದಲ್ಲಿ ಬೆಳಗ್ಗೆ ‘ಇ ನಿ ಸೊಗೊಮಾ’, ನೀನು ಮತ್ತು ಬೆಳಗು. ರಾತ್ರಿ ‘ಇ ನಿ ಸು’. ಕೆಲಸ ಮಾಡುತ್ತಿರುವವರನ್ನು ಕಂಡರೆ ‘ಇ ನಿ ಬಾರಾ’, ನೀನು ಮತ್ತು ನಿನ್ನ ಕೆಲಸ. ಆಮೇಲೆ ರಾತ್ರಿ ನೆಮ್ಮದಿಯಾಗಿ ಕಳೆಯಿತಾ, ಮನೆಯವರು ಚೆನ್ನಾಗಿದ್ದಾರಾ ಅಂತ ಒಂದೊಂದಾಗಿ ಕೇಳುತ್ತಾರೆ. ಪ್ರತಿಯೊಂದಕ್ಕೂ ‘ಹೆರೆ ದೊರೊನ್’, ನೆಮ್ಮದಿಯೊಂದೇ ಅಂತ ಉತ್ತರ. ಲಾರಿ ಕಾಯುತ್ತಿದ್ದರೂ ಇದು ಮುಗಿಯದೆ ವ್ಯಾಪಾರ ಶುರುವಾಗುವುದಿಲ್ಲ. ಅವನು ಅವಳು ಅನ್ನುವ ವ್ಯತ್ಯಾಸವೇ ಇಲ್ಲದ ಆ ಭಾಷೆಯಲ್ಲಿ ಇಲ್ಲೊಂದು ವ್ಯತ್ಯಾಸ ಇದೆ. ನಮಸ್ಕಾರಕ್ಕೆ ಉತ್ತರವಾಗಿ ಗಂಡಸು ‘ನ್ಬಾ’ ಅನ್ನಬೇಕು, ಹೆಂಗಸು ‘ನ್ಸೇ’ ಅನ್ನಬೇಕು.

ನಾನು ಈಗ ಆ ಕೆಲಸ ಬಿಟ್ಟು ತೋಟ ನೋಡಿಕೊಂಡಿದ್ದೇನೆ. ತೂಕದ ಹುಡುಗ ಆಗಾಗ ವಾಟ್ಸಾಪಿನಲ್ಲಿ ದನಿ ಕಳಿಸುತ್ತಾನೆ. ಮೊನ್ನೆ ಅಂಗಳದಲ್ಲಿ ಅಮ್ಮನೂ ನಾನೂ ಅಡಿಕೆ ಸುಲಿಯುತ್ತಿದ್ದಾಗ ಒಂದು ಬಂತು. ಕೈ ಒರೆಸಿಕೊಂಡು ಒತ್ತಿದೆ. ‘ಕೊರೊಚೆ, ಇ ನಿ ಬಾರಾ.’

‘ಆಯೆ ದಾನೆ ಪಂಡೆ?’ ಅವನು ಏನಂದ ಅಂತ ಅಮ್ಮ ಕೇಳಿದರು.

ಕೆಲಸದಲ್ಲಿ ಇದ್ದೀರಾ ಅಂತ ಮಾತಾಡಿಸಿದ ಅಮ್ಮ, ಅಂದೆ. ಗಂಡಸು ಏನು ಹೇಳಬೇಕು, ಹೆಂಗಸು ಏನು ಹೇಳಬೇಕು ಅಂತಲೂ ಹೇಳಿದೆ. ನಾನು ಮೈಕಿನ ಗುರುತು ಒತ್ತಿ ಹಿಡಿದು ‘ನ್ಬಾ’ ಅಂದೆ. ಅಮ್ಮ ಕೈಯಲ್ಲಿದ್ದ ಅಡಿಕೆ ಕೆಳಗಿಟ್ಟು, ಫೋನಿನ ಹತ್ತಿರ ಬಾಗಿ, ನಿಧಾನವಾಗಿ ‘ನ್ಸೇ’ ಅಂದರು.